ಊತ ಇಳಿದ ಮೇಲೆ

ಮೈಸೂರು
9-2-2025

ಮಹದೇವಯ್ಯನವರಿಗೆ ಬೆಟ್ಟಯ್ಯನ ಮಗಳು ಮಂಜುಶ್ರೀ ಮಾಡುವ ನಮಸ್ಕಾರ.

ನನ್ನ ಅಕ್ಷರ ಚೆನ್ನಾಗಿಲ್ಲ. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಕಾಗುಣಿತ ತಪ್ಪಿದ್ದರೆ ಬೇಜಾರು ಮಾಡಿಕೊಳ್ಳದೆ ಓದಿಕೊಳ್ಳಿ. ಈ ಕಾಗದವನ್ನು ಮೂರು ಸಲ ಬರೆದು ಮೂರು ಸಲ ಹರಿದು ಹಾಕಿದ್ದೇನೆ.

ನಾನು ಯಾರೆಂದು ನಿಮಗೆ ನೆನಪಿದೆಯೋ ಇಲ್ಲವೋ. ಕೃಷ್ಣಮೂರ್ತಿಪುರಂನಲ್ಲಿ ನಿಮ್ಮ ಮೆಡಿಕಲ್ ಅಂಗಡಿಯ ಪಕ್ಕ, ಹೊಂಗೆ ಮರದ ನೆರಳಿಗೆ ದಿನಾ ಹತ್ತು ಗಂಟೆಗೆ ಸೊಪ್ಪಿನ ಗಾಡಿ ನಿಲ್ಲಿಸುತ್ತಿದ್ದ ಬೆಟ್ಟಯ್ಯ ನಮ್ಮಪ್ಪ. ಗಾಡಿಯ ಹಿಂದೆ ನಿಂತು ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದವಳು ನಾನು. ನೀವು ನನ್ನನ್ನು ಮೌನಗೌರಿ ಅನ್ನುತ್ತಿದ್ದಿರಿ. ಅಪ್ಪ ಅದಕ್ಕೆ, "ನಮ್ಮನೇಲಿ ಮಾತಾಡೋ ಕೆಲಸ ಎಲ್ಲಾ ನನಗೇ ಬುಟ್ಟವಳೆ ಡಾಕ್ಟ್ರೇ" ಅನ್ನುತ್ತಿದ್ದರು. ಅಮ್ಮ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ.

ನೀವು ಅಂಗಡಿ ಮುಚ್ಚಿ ನಂಜನಗೂಡಿಗೆ ಹೋದಿರೆಂದು ಬಾಗಿಲಿಗೆ ಅಂಟಿಸಿದ ಚೀಟಿ ನೋಡಿ ತಿಳಿಯಿತು. ಪಕ್ಕದ ಟೈಲರ್ ಗುರುಕಿರಣ್ ಅವರು, "ಅವರಿಗೆ ಕಿವಿ ಪೂರ್ತಿ ಹೋಗಿದೆ ಕಣಮ್ಮ. ಫೋನು ಮಾಡಿದ್ರೆ ಹಲೋ ಹಲೋ ಅಂತ ಅವರೇ ಕೂಗ್ತಾರೆ. ಕಾಗದ ಹಾಕು" ಅಂದರು. ಆ ಚೀಟಿಯ ವಿಳಾಸಕ್ಕೇ ಬರೆಯುತ್ತಿದ್ದೇನೆ.

ಸಂಕ್ರಾಂತಿ ದಿನ ಅಪ್ಪ ಕಬ್ಬು ಸಿಗಿದರು. ಅವರಿಗೆ ಕಬ್ಬನ್ನು ಚಾಕುವಿನಲ್ಲಿ ಕತ್ತರಿಸಿ ತಿನ್ನುವವರನ್ನು ಕಂಡರೆ ನಗು. ಹಲ್ಲಲ್ಲಿ ಕಚ್ಚಿ ಎಳೆದರು. ಲಟ್ ಅಂತ ಸದ್ದಾಯಿತು. ಕಬ್ಬು ಮುರಿಯಿತು ಅಂದುಕೊಂಡೆ. ಕಬ್ಬು ಹಾಗೇ ಇತ್ತು. ಮುರಿದದ್ದು ಅಪ್ಪನ ಎಡದವಡೆ.

ಹಲ್ಲಿನ ಆಸ್ಪತ್ರೆಯಲ್ಲಿ ತಲೆಯ ಸುತ್ತ ತಿರುಗುವ ಮಿಷನ್ನಿನಲ್ಲಿ ಫೋಟೊ ತೆಗೆದರು. ಶಾಲಿನಿ ಅಂತ ಒಬ್ಬರು ಡಾಕ್ಟರಮ್ಮ, ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು, ಫೋಟೊ ಬೆಳಕಿಗೆ ಹಿಡಿದು ತೋರಿಸಿದರು. ಬಲಗಡೆ ಮೂಳೆ ಬೆಳ್ಳಗಿದೆ. ಎಡಗಡೆ ಹುಳ ತಿಂದ ಬದನೆಕಾಯಿ ಹಾಗೆ ಒಳಗೆಲ್ಲ ಕಪ್ಪು, ಅಂಚಿನಲ್ಲಿ ಮಾತ್ರ ತೆಳ್ಳಗೆ ಬಿಳಿ ಗೆರೆ. ಕೊಳೆತ ಹಲ್ಲಿನ ಬೇರಿನ ತುದಿಯಲ್ಲಿ ಚೀಲ ಕಟ್ಟಿಕೊಂಡು, ಅದರಲ್ಲಿ ನೀರು ತುಂಬಿ, ಅದು ವರ್ಷಗಟ್ಟಲೆ ಮೂಳೆಯನ್ನು ಕರಗಿಸುತ್ತಾ ಬಂದಿದೆಯಂತೆ.

"ಊತ ಬರ್ತಿರಲಿಲ್ವಾ?" ಅಂದರು. ಬರುತ್ತಿತ್ತು, ಮಾತ್ರೆ ತಗೊಂಡರೆ ಇಳಿಯುತ್ತಿತ್ತು ಅಂದೆ.

"ಮಾತ್ರೆ ಕೀವನ್ನ ಇಳಿಸುತ್ತೆ ಕಣಮ್ಮ. ಚೀಲಾನ ಏನೂ ಮಾಡಲ್ಲ. ಚೀಲ ಹಾಗೇ ಇರುತ್ತೆ, ನೋವಿಲ್ಲದೆ ದೊಡ್ಡದಾಗ್ತಾ ಇರುತ್ತೆ. ಅದನ್ನ ತೆಗೆದೇ ಹಾಕಬೇಕು. ಆವಾಗಲೇ ಬಂದಿದ್ರೆ ಒಂದು ಹಲ್ಲು ಹೋಗ್ತಿತ್ತು, ಅಷ್ಟೇ."

ಅಪ್ಪನಿಗೆ ಮಾತಾಡಲಾಗುತ್ತಿಲ್ಲ. ಅವರು ಮಾತಾಡುವಂತಿದ್ದರೆ ಅಲ್ಲೂ ಅದನ್ನೇ ಹೇಳುತ್ತಿದ್ದರು, ನೀವೂ ಕೇಳಿದ್ದೀರಿ: "ಮುದ್ದೆ ನುಂಗೋ ಜನಕ್ಕೆ ಹಲ್ಲು ಯಾತಕ್ಕೆ, ನಗೋಕಷ್ಟೇ." ಮುದ್ದೆ ಅಗಿಯುವ ಹಾಗಿದ್ದರೆ ಮುಂಚೆಯೇ ಗೊತ್ತಾಗುತ್ತಿತ್ತೋ ಏನೋ.

ಆಪರೇಷನ್ ಮಾಡುತ್ತಾರೆ. ಅದಕ್ಕೆ ಮುಂಚೆ ಯಾವ್ಯಾವ ಮಾತ್ರೆ, ಎಷ್ಟು ದಿನ, ಎಷ್ಟು ಸಲ ಅಂತ ಬರೆದುಕೊಂಡು ಬಾ ಅಂದಿದ್ದಾರೆ. ನನಗೆ ಬಣ್ಣ ಗೊತ್ತು, ಹೆಸರು ಗೊತ್ತಿಲ್ಲ. ನೀವು ಕೊಟ್ಟದ್ದು ಮೊದಲು ಕೆಂಪು-ಹಳದಿ. ಆಮೇಲೆ ಅದರ ಜೊತೆಗೆ ಬಾಯಿ ಕಹಿಯಾಗುವ ಒಂದು. ಕೊನೆಗೆ ಉದ್ದದ ಬಿಳಿ ಮಾತ್ರೆ. ದಯವಿಟ್ಟು ಹೆಸರು ಬರೆದು ಕಳಿಸಿ.

ಅಪ್ಪನ ಮಾತು ವಾಪಸ್ಸು ಬರುತ್ತದಾ ಅಂತ ಡಾಕ್ಟರಮ್ಮನನ್ನು ಕೇಳಬೇಕೆಂದಿದ್ದೆ. ಬಾಯಿ ಬರಲಿಲ್ಲ. ಅಪ್ಪನ ಗಂಟಲೇ ನಮ್ಮ ಗಾಡಿ ಎಂದು ನಿಮಗೆ ಗೊತ್ತಲ್ಲ.

ಇಂತಿ
ಮಂಜುಶ್ರೀ

*

ನಂಜನಗೂಡು
17-2-2025

ಚಿ. ಮಂಜುಶ್ರೀಗೆ ಮಹದೇವಯ್ಯನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಸುದ್ದಿ ಓದಿ ಮನಸ್ಸಿಗೆ ಬಹಳ ನೋವಾಯಿತು. ಬೆಟ್ಟಯ್ಯನ ಕೂಗು ಕೇಳಿದ ಮೇಲೆಯೇ ನಾನು ಅಂಗಡಿಯಲ್ಲಿ ಹತ್ತು ಗಂಟೆಯ ಕಾಫಿ ತರಿಸುತ್ತಿದ್ದದ್ದು. ಕಿವಿ ಮಂದವಾದ ಮೇಲೂ ಬಹಳ ದಿನ ಅವನ ಕೂಗೊಂದು ಕೇಳುತ್ತಿತ್ತು.

ನೀನು ಕೇಳಿದ ವಿವರ: ಕೆಂಪು-ಹಳದಿ ಎಂದರೆ ಅಮಾಕ್ಸಿಸಿಲಿನ್. ಬಾಯಿ ಕಹಿಯಾಗುವುದು ಮೆಟ್ರೊನಿಡಜೋಲ್. ಉದ್ದದ ಬಿಳಿ ಮಾತ್ರೆ ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನಿಕ್ ಆಸಿಡ್ ಸೇರಿರುವುದು. ಮೊದಲ ಸಲ 2023ರ ಬೇಸಿಗೆಯಲ್ಲಿ. ನನ್ನ ನೆನಪಿನಲ್ಲಿ ಒಟ್ಟು ನಾಲ್ಕು ಸಲ, ಹೆಚ್ಚೆಂದರೆ ಐದು. ಪ್ರತಿ ಸಲವೂ ಐದು ದಿನಕ್ಕಾಗುವಷ್ಟು ಪೂರ್ತಿ ಕೊಟ್ಟಿದ್ದೇನೆ. ಒಳ್ಳೆಯ ದಂತವೈದ್ಯರಿಗೆ ತೋರಿಸು ಎಂದೂ ಹೇಳಿದ್ದೇನೆ. ಅವನೇ ಅಸಡ್ಡೆ ಮಾಡಿದನೆಂದು ಕಾಣುತ್ತದೆ.

ಈ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು ಡಾಕ್ಟರಿಗೆ ಕೊಡು. ಅಂಗಡಿ ಈಗ ಮುಚ್ಚಿರುವುದರಿಂದ ಅದರ ಹೆಸರು ಬರೆಸುವ ಅಗತ್ಯವಿಲ್ಲವೆಂದು ನನ್ನ ಅಭಿಪ್ರಾಯ.

ಹೆದರಬೇಡ ಮಗು. ಈಗ ಎಲ್ಲಕ್ಕೂ ಒಳ್ಳೆಯ ಚಿಕಿತ್ಸೆ ಇದೆ.

ಇತಿ ಶುಭಾಶಯಗಳೊಂದಿಗೆ
ಮಹದೇವಯ್ಯ

*

ಮೈಸೂರು
16-3-2025

ಮಹದೇವಯ್ಯನವರಿಗೆ ನಮಸ್ಕಾರ.

ಹೆಸರು ಬರೆದು ಕಳಿಸಿದ್ದಕ್ಕೆ ಉಪಕಾರವಾಯಿತು. ಹಾಳೆಯಲ್ಲಿ ಬರೆದುಕೊಟ್ಟೆ. ಅಂಗಡಿಯ ಹೆಸರು ಬರೆಸಲಿಲ್ಲ.

ಫೆಬ್ರವರಿ ಇಪ್ಪತ್ತೈದಕ್ಕೆ ಆಪರೇಷನ್ ಆಯಿತು. ಎಡಗಡೆಯ ದವಡೆ ಮೂಳೆ ಕಿವಿಯ ಹತ್ತಿರದವರೆಗೂ ತೆಗೆದಿದ್ದಾರೆ. ಉಳಿಸಿಕೊಳ್ಳುವ ಹಾಗಿರಲಿಲ್ಲವಂತೆ. ಅದರ ಜಾಗಕ್ಕೆ ಲೋಹದ ಪಟ್ಟಿ ಕೂರಿಸಿ ಸ್ಕ್ರೂ ಹಾಕಿದ್ದಾರೆ. ಚೀಲವನ್ನು ಪರೀಕ್ಷೆಗೆ ಕಳಿಸಿದ್ದರು. ಕ್ಯಾನ್ಸರ್ ಅಲ್ಲ ಅಂತ ಬಂತು. ವಾರ್ಡಿನಲ್ಲಿ ಎಲ್ಲರೂ, "ಪುಣ್ಯ ಮಾಡಿದ್ರಿ" ಅಂದರು. ನಾನೂ ಆ ದಿನ ಹಾಗೇ ಅಂದುಕೊಂಡೆ.

ಹನ್ನೊಂದನೇ ದಿನ ಗದ್ದದ ಕೆಳಗಿನ ಹೊಲಿಗೆಯಿಂದ ಕೀವು ಬಂತು. ಒಂದು ಇಂಜೆಕ್ಷನ್ ಹಾಕಿದರು, ನಿಲ್ಲಲಿಲ್ಲ. ಬೇರೆಯದು ಹಾಕಿದರು. ಅದಕ್ಕೂ ನಿಲ್ಲಲಿಲ್ಲ. ಕೀವನ್ನು ಹತ್ತಿಕಡ್ಡಿಯಲ್ಲಿ ತೆಗೆದುಕೊಂಡು ಹೋಗಿ, ಸಣ್ಣ ತಟ್ಟೆಯಲ್ಲಿ ಬೆಳೆಸಿ, ಯಾವ ಔಷಧಿಗೆ ಸಾಯುತ್ತದೆ ಅಂತ ನೋಡಿದರಂತೆ. ನೀವು ಬರೆದುಕೊಟ್ಟ ಹೆಸರು ಯಾವುದಕ್ಕೂ ಸಾಯುತ್ತಿಲ್ಲ. ಶಾಲಿನಿ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ನಾಲ್ಕೈದು ಸಲ ಕೋರ್ಸ್ ಪೂರ್ತಿ ಮುಗಿಸಿದವರಿಗೆ ಹೀಗಾಗೋದು ನಾನು ಕಂಡಿಲ್ಲ. ಪ್ರತಿ ಸಲವೂ ಪೂರ್ತಿ ತಗೊಂಡಿದ್ರಾ ಮಂಜುಶ್ರೀ? ಯೋಚನೆ ಮಾಡಿ ಹೇಳು" ಅಂದರು.

ಹೂಂ ಅಂದೆ.

ಈಗ ಬೆಳಿಗ್ಗೆ ನಾನೇ ಗಾಡಿ ತಳ್ಳುತ್ತೇನೆ. ಕಡಕೊಳದ ಕಡೆಯಿಂದ ಟೆಂಪೋದಲ್ಲಿ ಬರುವ ಸೊಪ್ಪು ಇಳಿಸಿಕೊಂಡು, ಎಂಟರಿಂದ ಹನ್ನೊಂದರವರೆಗೆ ಬೀದಿ ಸುತ್ತಿ, ಆಮೇಲೆ ಆಸ್ಪತ್ರೆಗೆ ಹೋಗುತ್ತೇನೆ. ನನಗೆ ಕೂಗಲು ಬರುವುದಿಲ್ಲ. ಅದೃಷ್ಟಕ್ಕೆ ಹೋದ ವರ್ಷ ಅಪ್ಪ ಗಾಡಿಗೊಂದು ಮೈಕು ಹಾಕಿಸಿದ್ದರಲ್ಲ, ಅದರಲ್ಲಿ ಅವರ ದನಿ ತುಂಬಿದೆ. "ಸೊಪ್ಪೋಯ್ ಸೊಪ್ಪೂ... ದಂಟೂ, ಕೀರೇ, ಮೆಂತ್ಯಾ, ಸಬ್ಬಸಿಗೇ..." ಒಂದೇ ಉಸಿರಿನಲ್ಲಿ ಹನ್ನೊಂದು ಸೊಪ್ಪು. ಕೊನೆಯಲ್ಲಿ ನನ್ನ ಕಡೆ ತಿರುಗಿ, "ಮಂಜೂ, ನಿಂತೋಯ್ತಾ ಇದು?" ಅಂತ ಕೇಳಿದ್ದೂ ಅದರಲ್ಲಿ ಸೇರಿಕೊಂಡಿದೆ. ಅಳಿಸಬೇಕೆಂದಿದ್ದೆವು. ಬೀದಿಯವರೆಲ್ಲ ಅದನ್ನೇ ಕೇಳಿ ನಗುತ್ತಿದ್ದರಿಂದ ಅಪ್ಪ ಬೇಡ ಅಂದಿದ್ದರು.

ಮೂರನೇ ಕ್ರಾಸಿನ ಮಹಡಿ ಮನೆಯ ಅಜ್ಜಿ ನಿಮಗೆ ಗೊತ್ತು, ಮಂಡಿ ನೋವಿಗೆ ನಿಮ್ಮಲ್ಲೇ ಮುಲಾಮು ತರಿಸುತ್ತಿದ್ದವರು. ಅವರು ಕೆಳಗೆ ಇಳಿಯುವುದಿಲ್ಲ. ಅಪ್ಪನ ಕೂಗು ಕೇಳಿದ ಕೂಡಲೇ ಹಗ್ಗ ಕಟ್ಟಿದ ಬುಟ್ಟಿಯನ್ನು ಕೆಳಗೆ ಬಿಡುತ್ತಾರೆ. ಸೊಪ್ಪು ಹಾಕಿ ಅಪ್ಪ ಹಗ್ಗ ಎರಡು ಸಲ ಜಗ್ಗುತ್ತಿದ್ದರು. ಮಹಡಿಯಿಂದ ಗಾಡಿ ಕಾಣುವುದಿಲ್ಲ, ಕಿಟಕಿಯ ಸಜ್ಜಾ ಅಡ್ಡ. ಮೊನ್ನೆ ಮೇಲಿನಿಂದ, "ಬೆಟ್ಟಯ್ಯಾ, ನೆನ್ನೆ ದಂಟು ಬಲಿತೋಗಿತ್ತು ಕಣಯ್ಯ, ಹಲ್ಲಿಲ್ಲದೋಳಿಗೆ ಇಂಥದ್ದು ಕೊಡ್ತೀಯಲ್ಲ" ಅಂದರು. ಅಷ್ಟರಲ್ಲಿ ಮೈಕು, "ಮಂಜೂ, ನಿಂತೋಯ್ತಾ ಇದು?" ಅಂತು. ಅಜ್ಜಿ ನಕ್ಕರು. ಅಪ್ಪ ಕೆಳಗೇ ಇದ್ದಾರೆ ಅಂತಲೇ ಅವರು ತಿಳಿದಿದ್ದಾರೆ.

ನಿಮ್ಮ ಆರೋಗ್ಯ ನೋಡಿಕೊಳ್ಳಿ.

ಇಂತಿ
ಮಂಜುಶ್ರೀ

*

ನಂಜನಗೂಡು
11-4-2025

ಚಿ. ಮಂಜುಶ್ರೀಗೆ,

ನಿನ್ನ ಪತ್ರ ಬಂದು ಮೂರು ವಾರದ ಮೇಲಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಎದ್ದು ಹೋಗುತ್ತಿದ್ದೆ.

ಹಿಂದಿನ ಪತ್ರದಲ್ಲಿ ನಾನೊಂದು ಸುಳ್ಳು ಬರೆದಿದ್ದೆ. ದಂತವೈದ್ಯರಿಗೆ ತೋರಿಸು ಎಂದು ಬೆಟ್ಟಯ್ಯನಿಗೆ ನಾನು ಹೇಳಲಿಲ್ಲ. ಅವನು ತೋರಿಸಿಕೊಂಡು ಬಂದಿದ್ದ.

2023ರ ಏಪ್ರಿಲ್‌ನಲ್ಲಿ ನಮ್ಮ ಬಡಾವಣೆಯ ಸ್ಕೂಲಿನಲ್ಲಿ ಉಚಿತ ದಂತ ತಪಾಸಣೆ ಶಿಬಿರ ನಡೆಯಿತು. ಬೆಟ್ಟಯ್ಯ ಗಾಡಿಯನ್ನು ನನ್ನ ಅಂಗಡಿಯ ಮುಂದೆ ಬಿಟ್ಟು ಹೋಗಿದ್ದ. ವಾಪಸ್ಸು ಬಂದು ಒಂದು ಚೀಟಿ ಕೊಟ್ಟು, "ಏನೋ ಇಂಗ್ಲಿಷಲ್ಲಿ ಗೀಚವ್ರೆ, ನೋಡಿ ಹೇಳಿ ಡಾಕ್ಟ್ರೇ. ಹೋಗ್ಲೇಬೇಕಾ?" ಎಂದ. ನಾನು ಡಾಕ್ಟರನಲ್ಲ. ನಲವತ್ತು ವರ್ಷ ಡಾಕ್ಟರು ಬರೆದದ್ದನ್ನು ಓದಿ ಎತ್ತಿಕೊಟ್ಟವನು. ಆದರೆ ಆ ಬೀದಿಯಲ್ಲಿ ಹಾಗೆ ಕರೆಸಿಕೊಂಡು ಅಭ್ಯಾಸವಾಗಿಹೋಗಿತ್ತು. ನಿನಗೆ ಸುಳ್ಳು ಹೇಳಲಾರೆ, ಸುಖವೂ ಆಗುತ್ತಿತ್ತು.

ಚೀಟಿಯಲ್ಲಿ ಎಡಗಡೆಯ ಕೆಳದವಡೆಯಲ್ಲಿ ಸಿಸ್ಟ್, ಅಂದರೆ ನೀನು ಬರೆದ ಆ ಚೀಲ, ಇರುವ ಶಂಕೆ, ಕೂಡಲೇ ಪೂರ್ತಿ ದವಡೆಯ ಎಕ್ಸ್‌ರೇ ತೆಗೆಸಬೇಕು, ಆಸ್ಪತ್ರೆಗೆ ಬರಬೇಕು ಎಂದು ಬರೆದಿತ್ತು. ಓದಿದೆ. ಅರ್ಥವೂ ಆಯಿತು. ಅಂಗಡಿಯಲ್ಲಿ ಐದಾರು ಜನ ನಿಂತಿದ್ದರು. "ಆಸ್ಪತ್ರೆಗೆ ಹೋದರೆ ಒಂದಲ್ಲ ಅಂತ ನಾಲ್ಕು ಹಲ್ಲು ಕೀಳುತ್ತಾರೆ. ಮೊದಲು ಇದು ತಗೋ, ಊತ ಇಳಿಯದಿದ್ದರೆ ನೋಡೋಣ" ಎಂದೆ. ಜನ ನಕ್ಕರು. ಅವನೂ ನಕ್ಕ. ಚೀಟಿಯನ್ನು ಮಡಿಸಿ ನನ್ನ ಡ್ರಾಯರಿಗೆ ಹಾಕಿಕೊಂಡೆ. ಮೂರನೇ ದಿನ ಊತ ಇಳಿಯಿತು. ಅವನು ಒಂದು ಕಟ್ಟು ಮೆಂತ್ಯ ತಂದು ಕೌಂಟರ್ ಮೇಲಿಟ್ಟು, ಬೀದಿಗೆಲ್ಲ ಕೇಳುವ ಹಾಗೆ, "ನೋಡ್ರಪ್ಪಾ, ನಮ್ಮ ಡಾಕ್ಟ್ರು ಮುಂದೆ ಯಾವ ಆಸ್ಪತ್ರೆ!" ಎಂದ.

ಅಂಗಡಿ ಖಾಲಿ ಮಾಡುವಾಗ ಆ ಚೀಟಿ ಸಿಕ್ಕಿತು. ಹರಿಯಲು ಹೋದೆ, ಆಗಲಿಲ್ಲ. ಇದರ ಜೊತೆ ಇಟ್ಟಿದ್ದೇನೆ. ಡಾಕ್ಟರಿಗೆ ತೋರಿಸು. ಅಂಗಡಿಯ ಹೆಸರನ್ನೂ ನನ್ನ ಹೆಸರನ್ನೂ ಬರೆಸು.

ಕ್ಷಮಿಸು ಎಂದು ನಿನ್ನನ್ನು ಕೇಳುವುದು ಸರಿಯಲ್ಲ. ಕೇಳಬೇಕಾದದ್ದು ಬೆಟ್ಟಯ್ಯನನ್ನು.

ಮಹದೇವಯ್ಯ

*

ಮೈಸೂರು
18-5-2025

ಮಹದೇವಯ್ಯನವರಿಗೆ ನಮಸ್ಕಾರ.

ಚೀಟಿ ಬಂತು. ಇಂಗ್ಲಿಷು ನನಗೆ ಓದಲು ಬರಲಿಲ್ಲ. ಮೇಲೆ ಅಪ್ಪನ ಹೆಸರು ಮಾತ್ರ ಕೂಡಿಸಿಕೊಂಡು ಓದಿದೆ. ನಿಮ್ಮ ಮೇಲೆ ಬಂದ ಸಿಟ್ಟಿಗೆ ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಆ ಸಿಟ್ಟು ನನ್ನ ಕಡೆಗೇ ತಿರುಗಿತು. ಅದನ್ನು ಹೇಳಲು ಇಷ್ಟು ದಿನ ಹಿಡಿಯಿತು.

ನೀವು ಐದು ದಿನಕ್ಕೆ ಕೊಡುತ್ತಿದ್ದದ್ದು ನಿಜ. ಅಪ್ಪ ಎರಡು ದಿನ ತೆಗೆದುಕೊಳ್ಳುತ್ತಿದ್ದರು. ಊತ ಇಳಿದ ಮೇಲೆ, "ಸಾಕು ಮಗಾ, ಸುಮ್ನೆ ಮೈಗೆ ಉಷ್ಣ. ಎತ್ತಿಡು" ಅನ್ನುತ್ತಿದ್ದರು. ನಾನು ಎತ್ತಿಡುತ್ತಿದ್ದೆ. ಬಿಸ್ಕತ್ತಿನ ಡಬ್ಬಿಯೊಂದರಲ್ಲಿ, ಬಣ್ಣಬಣ್ಣ ಬೇರೆ ಮಾಡಿ, ಕಾಗದದ ಪೊಟ್ಟಣ ಕಟ್ಟಿ. ಊತ ಮತ್ತೆ ಬಂದರೆ ಮೊದಲು ಡಬ್ಬಿಯಿಂದ ಕೊಡುತ್ತಿದ್ದೆ. ಡಬ್ಬಿ ಖಾಲಿಯಾದರೆ ಮಾತ್ರ ನಿಮ್ಮ ಅಂಗಡಿ. ನೀವು ನಾಲ್ಕೈದು ಸಲ ಅಂತ ಬರೆದಿರಿ. ಬೆರಳು ಮಡಿಸಿ ನೋಡಿದೆ. ಹನ್ನೊಂದು ಸಲ.

ಅಪ್ಪನಿಗಷ್ಟೇ ಅಲ್ಲ. ವಠಾರದಲ್ಲಿ ಎಲ್ಲರಿಗೂ ಡಬ್ಬಿಯ ವಿಷಯ ಗೊತ್ತಿತ್ತು. ಪಕ್ಕದ ಮನೆ ಸಿದ್ದಲಿಂಗಮ್ಮ ಕೆನ್ನೆ ಹಿಡಿದುಕೊಂಡು ಬಂದು, "ಅಮ್ಮೀ ಮಂಜು, ಜೀವ ಹೋಗ್ತದೆ ಕಣವ್ವ, ಆ ಕೆಂಪು-ಹಳದೀದು ಎರಡು ಕೊಡು" ಅನ್ನುತ್ತಿದ್ದರು. ಕುರು ಎದ್ದವರು, ಕೆಮ್ಮಿನವರು, ಕಾಲಿಗೆ ಮೊಳೆ ಹೊಕ್ಕವರು, ಎಲ್ಲರಿಗೂ ಎರಡೆರಡು. ನನ್ನನ್ನು ಪುಟ್ಟ ಡಾಕ್ಟ್ರಮ್ಮ ಅನ್ನುತ್ತಿದ್ದರು. ಯಾರ ಹತ್ತಿರವೂ ಬಾಯಿ ಬಿಡದ ನನ್ನ ಬಾಗಿಲಿಗೆ ಜನ ಬಂದು ನಿಲ್ಲುತ್ತಿದ್ದರು. ಸುಖವಾಗುತ್ತಿತ್ತು ಅಂತ ನೀವು ಬರೆದಿರಲ್ಲ, ಆ ಸಾಲನ್ನು ಬಹಳ ಸಲ ಓದಿದೆ.

ಇನ್ನೊಂದು ಹೇಳಬೇಕು. ಫೆಬ್ರವರಿಯಲ್ಲಿ ನಾನು ಹೆಸರು ಕೇಳಿ ನಿಮಗೆ ಕಾಗದ ಬರೆದಾಗಲೂ ಡಬ್ಬಿಯಲ್ಲಿ ಮೂರೂ ಬಣ್ಣದ ಮಾತ್ರೆಗಳಿದ್ದವು. ಅದನ್ನೇ ಆಸ್ಪತ್ರೆಗೆ ಒಯ್ದು ತೋರಿಸಿದ್ದರೆ ಸಾಕಿತ್ತು. ತೋರಿಸಿದರೆ, ಇಷ್ಟು ಯಾಕೆ ಉಳಿದಿದೆ ಅಂತ ಕೇಳುತ್ತಾರೆ. ಅದಕ್ಕೇ ನಿಮಗೆ ಬರೆದೆ.

ಏಪ್ರಿಲ್ ಕೊನೆಯಲ್ಲಿ ಡಬ್ಬಿಯನ್ನೂ ಚೀಟಿಯನ್ನೂ ತೆಗೆದುಕೊಂಡು ಹೋಗಿ ಶಾಲಿನಿ ಡಾಕ್ಟರಮ್ಮನ ಮೇಜಿನ ಮೇಲಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಒಂದೊಂದೇ ಪೊಟ್ಟಣ ಬಿಚ್ಚಿ ನೋಡಿದರು. "ಎರಡು ದಿನಕ್ಕೆ ನಿಲ್ಲಿಸಿದ್ರೆ ಬಡಪಾಯಿ ಕ್ರಿಮಿ ಸಾಯುತ್ತೆ, ಗಟ್ಟಿಯಾಗಿರೋದು ಉಳಕೊಳ್ಳುತ್ತೆ. ಹನ್ನೊಂದು ಸಲ ಹಾಗೇ ಮಾಡಿದ್ರೆ ಉಳಿಯೋದೆಲ್ಲ ಗಟ್ಟೀದೇ" ಅಂದರು. ಆಮೇಲೆ ಪೊಟ್ಟಣಗಳನ್ನು ಮತ್ತೆ ಮಡಿಸಿ ಡಬ್ಬಿಗೆ ಹಾಕಿದರು. ಬೈದಿದ್ದರೆ ಚೆನ್ನಾಗಿತ್ತು. ನಿಮ್ಮ ಹೆಸರು ಹೇಳಿದೆ. ನನ್ನದನ್ನೂ ಹೇಳಿದೆ.

ಮೇ ಆರನೇ ತಾರೀಖು ಅಪ್ಪನಿಗೆ ಹಾಕಿದ್ದ ಲೋಹದ ಪಟ್ಟಿಯನ್ನು ತೆಗೆದುಬಿಟ್ಟರು. ಅದರ ಸುತ್ತಲೇ ಕೀವು ಕೂತಿತ್ತಂತೆ. ಈಗ ಎಡಗಡೆ ಮೂಳೆಯೂ ಇಲ್ಲ, ಪಟ್ಟಿಯೂ ಇಲ್ಲ. ಗದ್ದ ಒಂದು ಕಡೆಗೆ ಜಾರಿದೆ. ಜೊಲ್ಲು ನಿಲ್ಲುವುದಿಲ್ಲ, ಹೆಗಲ ಮೇಲೆ ಸದಾ ಟವೆಲ್ಲು. ಮಾತಾಡಲು ಹೋದರೆ ಗಾಳಿ, ಎಂಜಲು, ಊಂ ಆಂ ಅನ್ನುವ ಸದ್ದು. ಕಾಲಿನ ಮೂಳೆ ತೆಗೆದು ಅಲ್ಲಿ ಕೂರಿಸಬಹುದಂತೆ. ಆದರೆ ಕೀವು ಪೂರ್ತಿ ಒಣಗಬೇಕು. "ಒಣಗಿದರೆ" ಅಂದರು ಡಾಕ್ಟರಮ್ಮ. "ಒಣಗಿದ ಮೇಲೆ" ಅನ್ನಲಿಲ್ಲ.

ಅಪ್ಪನನ್ನು ಮನೆಗೆ ಕಳಿಸಿದ್ದಾರೆ. ಚೀಟಿಯ ವಿಷಯವಾಗಲೀ ಡಬ್ಬಿಯ ವಿಷಯವಾಗಲೀ ಅವರಿಗೆ ಹೇಳಿಲ್ಲ. ಬನ್ನಿ ಅಂತ ನಿಮಗೆ ಹೇಳಲು ನನಗೆ ಮನಸ್ಸಿಲ್ಲ. ಬರಬೇಡಿ ಅನ್ನಲು ಮುಖವಿಲ್ಲ.

ಇಂತಿ
ಮಂಜುಶ್ರೀ

*

ನಂಜನಗೂಡು
16-6-2025

ಚಿ. ಮಂಜುಶ್ರೀಗೆ ಅನೇಕ ಆಶೀರ್ವಾದಗಳು.

ನಿಮ್ಮ ಮನೆಗೆ ಬಂದು ಹೋಗಿ ಎಂಟು ದಿನವಾಯಿತು. ಬಸ್ಸಿನಲ್ಲಿ ಬರುವಾಗ ಕಡಕೊಳದ ಹತ್ತಿರ ಎರಡು ಸಲ ಇಳಿದುಬಿಡಲೇ ಎಂದುಕೊಂಡೆ. ಬಂದದ್ದು ಒಳ್ಳೆಯದಾಯಿತು.

ನನಗೆ ಕೇಳಿಸದು, ಅವನಿಗೆ ಆಡಲಾಗದು. ಆದ್ದರಿಂದಲೇ ಹೇಳಬೇಕಾದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ತಂದಿದ್ದೆ. ಶಿಬಿರದ ಚೀಟಿ, ನಾನು ಆಡಿದ ಮಾತು, ಜನ ನಕ್ಕದ್ದು, ಯಾವುದನ್ನೂ ಬಿಡಲಿಲ್ಲ. ಓದು ಬಾರದ ಅವನು ಹಾಳೆಯನ್ನು ನಿನ್ನ ಕೈಗೆ ಕೊಟ್ಟಾಗ, ನೀನು ಅದನ್ನು ನೋಡುತ್ತಾ ಓದಿ ಹೇಳುವಾಗ, ನಿನ್ನ ತುಟಿಗಳನ್ನೇ ನೋಡುತ್ತಾ ಕೂತಿದ್ದೆ. ಒಂದಕ್ಷರವೂ ತಿಳಿಯಲಿಲ್ಲ. ಆಮೇಲೆ ಅವನು ನಕ್ಕನಲ್ಲ. ಆ ಸೊಟ್ಟ ಬಾಯಿಯಲ್ಲೇ ನಕ್ಕು, ನನ್ನ ಎರಡೂ ಕೈ ಹಿಡಿದುಕೊಂಡನಲ್ಲ. ನಾನು ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟೆ. ಹೊರಡುವಾಗ ಚಪ್ಪಲಿ ಎಡಬಲ ತಿಳಿಯದೆ ಮೆಟ್ಟಿಕೊಂಡು ಬಂದಿದ್ದೇನೆ.

ಎದೆಯ ಮೇಲಿನ ಭಾರ ಇಳಿಯಿತು. ಎಲ್ಲ ತಿಳಿದ ಮೇಲೂ ಕೈ ಹಿಡಿಯಬೇಕಾದರೆ ಅವನು ನಮ್ಮಂಥವನಲ್ಲ. ನಾನು ಎಷ್ಟೋ ತಿಂಗಳ ಮೇಲೆ ನಿದ್ದೆ ಮಾಡುತ್ತಿದ್ದೇನೆ. ನೀನೂ ನಿನ್ನ ಡಬ್ಬಿಯ ವಿಷಯ ಅವನಿಗೆ ಹೇಳು ಮಗು. ಹೇಳಿದರೆ ಹಗುರವಾಗುತ್ತದೆ.

ಇತಿ
ಮಹದೇವಯ್ಯ

*

ಮೈಸೂರು
29-6-2025

ಮಹದೇವಯ್ಯನವರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ, ಇದನ್ನು ಬರೆಯದೇ ಇದ್ದುಬಿಡೋಣ ಅಂತ ಹತ್ತು ದಿನ ಅಂದುಕೊಂಡೆ. ನೀವು ನಿದ್ದೆ ಮಾಡುತ್ತಿದ್ದೀರಿ, ಮಾಡಲಿ ಅಂತ. ಆದರೆ ಸುಳ್ಳನ್ನು ಎತ್ತಿಟ್ಟು ಎತ್ತಿಟ್ಟು ಏನಾಯಿತು ಅಂತ ನೋಡಿಯಾಗಿದೆ.

ನಾನು ನಿಮ್ಮ ಹಾಳೆಯನ್ನು ಓದಲಿಲ್ಲ.

ಕಣ್ಣಲ್ಲಿ ಓದಿಕೊಂಡೆ. ಅಪ್ಪನಿಗೆ ಓದಿ ಹೇಳಲಿಲ್ಲ. ನಿಮ್ಮ ವಿಷಯ ಓದಿದರೆ ನನ್ನದೂ ಹೇಳಬೇಕಾಗುತ್ತದಲ್ಲ. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು. "ಹೆಂಗಿದ್ದೀಯಾ ಬೆಟ್ಟಯ್ಯ ಅಂತ ಕೇಳವ್ರೆ ಅಪ್ಪಾ. ಬೇಗ ವಾಸಿಯಾಗ್ತದೆ, ಯೋಚನೆ ಮಾಡಬೇಡ ಅಂತ ಬರೆದವ್ರೆ" ಅಂದೆ. ಅಷ್ಟೇ ನಾನು ಅಂದದ್ದು. ನಿಮಗೆ ಕೇಳಿಸದು ಅನ್ನುವ ಧೈರ್ಯದಲ್ಲಿ ಅಂದೆ.

ಅಪ್ಪ ನಕ್ಕದ್ದು ಅದಕ್ಕೆ. ಆಮೇಲೆ ಅವರು ನಿಮ್ಮ ಕೈ ಹಿಡಿದದ್ದು ನಿಜ. ಆದರೆ ಅದಾದ ಮೇಲೆ ಏನು ಮಾಡಿದರು ಅಂತ ನೀವು ಅಳುತ್ತಿದ್ದುದರಿಂದ ನೋಡಲಿಲ್ಲ. ನಿಮ್ಮ ಕೈ ಬಿಟ್ಟು, ತಮ್ಮ ಕೆನ್ನೆ ತೋರಿಸಿ, ಆಮೇಲೆ ಅಂಗೈ ಚಾಚಿದರು. ಅಂಗಡಿಯ ಕೌಂಟರಿನ ಮುಂದೆ ಚಾಚುತ್ತಿದ್ದ ಹಾಗೆಯೇ. ಅವರು ಮಾತ್ರೆ ಕೇಳಿದರು ಮಹದೇವಯ್ಯನವರೇ. ನೀವು ಬಂದಿರಿ ಅಂದರೆ ಮಾತ್ರೆ ತಂದಿರುತ್ತೀರಿ ಅಂತ. ನೀವು ಹೋದ ಮೇಲೂ ಸ್ವಲ್ಪ ಹೊತ್ತು ಆ ಕೈ ತೊಡೆಯ ಮೇಲೆ ಹಾಗೇ ತೆರೆದುಕೊಂಡಿತ್ತು. ಆ ಹಾಳೆಯನ್ನು ಈಗಲೂ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ. ಔಷಧಿಯ ಚೀಟಿ ಅಂದುಕೊಂಡಿದ್ದಾರೋ ಏನೋ, ಎರಡು ಸಲ ನನ್ನ ಮುಂದೆ ಹಿಡಿದು ಮೆಡಿಕಲ್ಲಿನ ಕಡೆ ಬೆರಳು ತೋರಿಸಿದರು.

ಅಪ್ಪ ನಿಮ್ಮನ್ನು ಕ್ಷಮಿಸಿಲ್ಲ. ಕ್ಷಮಿಸುವುದಕ್ಕೆ ಏನಿದೆ ಅಂತಲೇ ಅವರಿಗೆ ಗೊತ್ತಿಲ್ಲ. ಹಾಗೆ ನೋಡಿದರೆ ನನ್ನನ್ನೂ ಕ್ಷಮಿಸಿಲ್ಲ.

ಹೋದ ವಾರ ಆಸ್ಪತ್ರೆಯಲ್ಲಿ ತಟ್ಟೆ ಪರೀಕ್ಷೆ ಮತ್ತೆ ಮಾಡಿದರು. ಒಣಗಿಲ್ಲ. ಮೂಳೆ ಕೂರಿಸುವ ಮಾತನ್ನು ಈ ವರ್ಷ ಎತ್ತುವ ಹಾಗಿಲ್ಲ ಅಂದರು. ಮುಂದಿನ ವರ್ಷ ಅಂತಲೂ ಅನ್ನಲಿಲ್ಲ.

ಅಪ್ಪ ದಿನಾ ಬೆಳಿಗ್ಗೆ ಬಾಗಿಲ ಜಗಲಿಯ ಮೇಲೆ ಕೂರುತ್ತಾರೆ. ನಾನು ಗಾಡಿ ಹೊರಡಿಸಿ ಮೈಕು ಹಾಕುತ್ತೇನೆ. ಅವರಿಗೆ ತಮ್ಮ ದನಿ ಕೇಳಿದರೆ ಸಮಾಧಾನ ಅಂತ ತಿಳಿದಿದ್ದೆ. ನಿನ್ನೆ ತಕ್ಕಡಿ ಮರೆತು ವಾಪಸ್ಸು ಬಂದೆ. ಮೈಕು ಬೀದಿಯ ತುದಿಯಲ್ಲಿ ಕೂಗುತ್ತಲೇ ಇತ್ತು. ಅಪ್ಪ ಕಣ್ಣು ಮುಚ್ಚಿಕೊಂಡು ಅದರ ಜೊತೆ ಬಾಯಿ ಆಡಿಸುತ್ತಿದ್ದರು. ದಂಟೂ, ಕೀರೇ, ಮೆಂತ್ಯಾ. ಮೈಕಿನ ಕೂಗು ಮುಂದೆ ಮುಂದೆ ಹೋಗುತ್ತಿತ್ತು, ಇವರ ಬಾಯಿ ಹಿಂದೆ ಬೀಳುತ್ತಿತ್ತು. ಮೂರನೇ ಸೊಪ್ಪಿಗೇ ಜೊಲ್ಲು ಕತ್ತಿನವರೆಗೆ ಇಳಿದಿತ್ತು. ಹೇಗಾದರೂ ಅದರ ಸಮಕ್ಕೆ ಬರಬೇಕು ಅಂತ ಅವರ ಕೈ ಮಂಡಿಯನ್ನು ಗುದ್ದುತ್ತಿತ್ತು. ಕೊನೆಗೆ ಅದು, "ಮಂಜೂ, ನಿಂತೋಯ್ತಾ ಇದು?" ಅಂತ ಕೇಳಿತು. ಅಪ್ಪನ ಬಾಯಿಯೂ ಅದನ್ನೇ ಕೇಳಲು ಹೋಯಿತು. ನಾನು ತಕ್ಕಡಿ ತೆಗೆದುಕೊಳ್ಳದೆ ಹೊರಟುಹೋದೆ.

ಎಲ್ಲವನ್ನೂ ಅಪ್ಪನಿಗೆ ಹೇಳಬೇಕಾದವಳು ನಾನು. ನನ್ನ ಬಾಯಿ ಸರಿಯಾಗಿದೆ. ಇನ್ನೂ ಹೇಳಿಲ್ಲ. ಯಾವಾಗ ಹೇಳುತ್ತೇನೋ ಗೊತ್ತಿಲ್ಲ. ಭಾರ ಇಳಿಯಿತು ಅಂತ ನೀವು ಬರೆದಿದ್ದಿರಿ, ಆ ನೆಮ್ಮದಿಯನ್ನು ಕಿತ್ತುಕೊಂಡೆ. ಬೈಯಬೇಕೆನಿಸಿದರೆ ಬೈದು ಒಂದು ಕಾಗದ ಹಾಕಿ.

ಇವತ್ತು ಬೆಳಿಗ್ಗೆ ಗಾಡಿ ಹೊರಡಿಸುವ ಮುಂಚೆ ಮೈಕಿನ ವೈರು ಕಿತ್ತೆ. ಮೊದಲನೇ ಕ್ರಾಸಿನಲ್ಲಿ ನನ್ನ ಗಂಟಲಿನಿಂದ ಏನೂ ಹೊರಡಲಿಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೇ ಕ್ರಾಸಿನಲ್ಲಿ ಮಹಡಿ ಮನೆಯ ಕೆಳಗೆ ನಿಂತು, ಸೊಪ್ಪು ಅಂದೆ. ನನಗೇ ಸರಿಯಾಗಿ ಕೇಳಲಿಲ್ಲ. ಮತ್ತೆ ಅಂದೆ. ಬುಟ್ಟಿ ಇಳಿಯಲಿಲ್ಲ. ಮೇಲಿನಿಂದ ಅಜ್ಜಿ, "ಯಾರದು? ಬೆಟ್ಟಯ್ಯ ಎಲ್ಲಿ? ಇವತ್ತು ಅವನ ದನೀನೇ ಇಲ್ವಲ್ಲ?" ಅಂದರು.

"ಅಪ್ಪ ಇನ್ನು ಕೂಗಲ್ಲ ಅಜ್ಜೀ" ಅಂದೆ. ಮಹಡಿಗೆ ಕೇಳುವಷ್ಟು ಜೋರಾಗಿ ಅಂದೆ. ಎದುರು ಮನೆಯವರು ಕಿಟಕಿ ತೆರೆದು ನೋಡಿದರು.

ಆಮೇಲೆ ಬುಟ್ಟಿ ನಿಧಾನವಾಗಿ ಇಳಿಯಿತು. ಎಳೆಯ ದಂಟು ಆರಿಸಿ ಒಂದು ಕಟ್ಟು ಹಾಕಿ, ಹಗ್ಗವನ್ನು ಎರಡು ಸಲ ಜಗ್ಗಿದೆ.

ಇಂತಿ
ಬೆಟ್ಟಯ್ಯನ ಮಗಳು
ಮಂಜುಶ್ರೀ